ವಿಷ ಅಂದರು, ಬೈಬಲ್ ಅಂದರು, ಬೋರು ಅಂದರು: ‘ದಿ ವೆಲ್ ಆಫ್ ಲೋನ್‌ಲಿನೆಸ್’ ಎಂಬ ಕಾದಂಬರಿ

ಪ್ರಶ್ನೆ: ನಾನು ಇಂಗ್ಲಿಷ್ ಎಂ.ಎ. ಓದುತ್ತಿದ್ದೇನೆ. ಇಂಗ್ಲೆಂಡಿನ ಲೇಖಕಿ ರಾಡ್‌ಕ್ಲಿಫ್ ಹಾಲ್ ಬರೆದ ‘ದಿ ವೆಲ್ ಆಫ್ ಲೋನ್‌ಲಿನೆಸ್’ ಮೇಲೆ ಸೆಮಿನಾರ್ ಕೊಡಬೇಕು. ಇದನ್ನು ‘ಲೆಸ್ಬಿಯನ್ನರ ಬೈಬಲ್’ ಅನ್ನುತ್ತಾರೆ. ಆದರೆ ನನ್ನ ಗೆಳತಿ, ಅವಳೂ ಲೆಸ್ಬಿಯನ್ನೇ, ‘ಬರೀ ಗೋಳು’ ಅಂತ ಅರ್ಧಕ್ಕೆ ಬಿಟ್ಟಳು. ಇನ್ನೊಂದು ಲೇಖನದಲ್ಲಿ ನಾಯಕಿ ಲೆಸ್ಬಿಯನ್ ಅಲ್ಲವೇ ಅಲ್ಲ, ಟ್ರಾನ್ಸ್ ಪುರುಷ (ಹೆಣ್ಣಾಗಿ ಹುಟ್ಟಿದರೂ ತನ್ನನ್ನು ಗಂಡೆಂದೇ ಅರಿತವರು) ಅಂತ ಓದಿದೆ. ಒಂದೇ ಪುಸ್ತಕಕ್ಕೆ ಇಷ್ಟು ಬಗೆಯ ಅಭಿಪ್ರಾಯ ಯಾಕೆ? ಯಾವುದನ್ನು ನಂಬಲಿ?

ಉತ್ತರ: ಮೊದಲು ನಿಮ್ಮ ಗೆಳತಿಗೆ ಹೇಳಿ, ಅರ್ಧಕ್ಕೆ ಬಿಟ್ಟವರು ಅವರೊಬ್ಬರೇ ಅಲ್ಲ. ನಾನೂ ಮೊದಲ ಸಲ ಬಿಟ್ಟಿದ್ದೆ. ಕಾದಂಬರಿಕಾರ್ತಿ ವರ್ಜೀನಿಯಾ ವುಲ್ಫ್ ಅಂತೂ, ಪುಸ್ತಕ ಎಷ್ಟು ಸಪ್ಪೆ ಅಂದರೆ ಪುಟದ ಮೇಲೆ ಕಣ್ಣೇ ನಿಲ್ಲುವುದಿಲ್ಲ, ಅದರೊಳಗೆ ಯಾವ ಅಶ್ಲೀಲ ಅಡಗಿದ್ದರೂ ಗೊತ್ತಾಗುವುದಿಲ್ಲ ಎಂಬರ್ಥದಲ್ಲಿ ಪತ್ರ ಬರೆದಿದ್ದರು. 1928ರಲ್ಲಿ ಅಶ್ಲೀಲತೆಯ ಕೇಸು ನಡೆದಾಗ ಅದೇ ವುಲ್ಫ್ ಇದೇ ಪುಸ್ತಕದ ಪರವಾಗಿ ಸಾಕ್ಷಿ ಹೇಳಲು ಕೋರ್ಟಿಗೆ ಹೋಗಿದ್ದರು. ಇಷ್ಟವಾಗದ ಪುಸ್ತಕದ ಪರ ನಿಲ್ಲಬೇಕಾದ ಈ ಇಕ್ಕಟ್ಟು ಮುಂದಿನ ತೊಂಬತ್ತು ವರ್ಷದ ವಿಮರ್ಶೆಯಲ್ಲಿ ಮತ್ತೆ ಮತ್ತೆ ಬರುತ್ತದೆ.

ಕಥೆ ಗೊತ್ತಿಲ್ಲದ ಓದುಗರಿಗಾಗಿ ನಾಲ್ಕು ಮಾತು. ಇಂಗ್ಲೆಂಡಿನ ಮಾಲ್ವರ್ನ್ ಬೆಟ್ಟಗಳ ಹತ್ತಿರ ಮಾರ್ಟನ್ ಎಂಬ ಜಮೀನುದಾರರ ಮನೆ. ಗಂಡುಮಗು ಬೇಕೆಂದು ಕಾಯುತ್ತಿದ್ದ ಗಂಡಹೆಂಡತಿಗೆ ಹೆಣ್ಣು ಹುಟ್ಟುತ್ತದೆ. ಗಂಡಿಗೆಂದು ಗೊತ್ತು ಮಾಡಿದ್ದ ಸ್ಟೀಫನ್ ಎಂಬ ಹೆಸರನ್ನೇ ಇಡುತ್ತಾರೆ. ಸ್ಟೀಫನ್ ಗಾರ್ಡನ್ ಕುದುರೆ ಸವಾರಿ, ಕತ್ತಿವರಸೆ ಕಲಿತು ಬೆಳೆಯುತ್ತಾಳೆ. ಏಳನೇ ವಯಸ್ಸಿಗೆ ಮನೆಗೆಲಸದ ಹುಡುಗಿಯ ಮೇಲೆ ಮನಸ್ಸಾಗುತ್ತದೆ. ಅಪ್ಪನಿಗೆ ವಿಷಯ ಗೊತ್ತು, ಬಾಯಿಬಿಡುವುದಿಲ್ಲ. ಸಾಯುವ ಗಳಿಗೆಯಲ್ಲಿ ಹೆಂಡತಿಗೆ ಹೇಳಲು ಹೋಗುತ್ತಾನೆ, ಮಾತು ಮುಗಿಯುವುದಿಲ್ಲ. ಮುಂದೆ ಒಬ್ಬ ವಿವಾಹಿತೆಯ ಜೊತೆಗಿನ ಪ್ರೇಮ ಬಯಲಾದಾಗ ಅಮ್ಮ ಮಗಳನ್ನು ಮನೆಯಿಂದ ಹೊರಗೆ ಹಾಕುತ್ತಾಳೆ. ಸ್ಟೀಫನ್ ಬರಹಗಾರ್ತಿಯಾಗುತ್ತಾಳೆ. ಮೊದಲ ಮಹಾಯುದ್ಧದಲ್ಲಿ ಆಂಬುಲೆನ್ಸ್ ಓಡಿಸುತ್ತಾಳೆ. ಅಲ್ಲಿ ಮೇರಿ ಲ್ಯೂವೆಲಿನ್ ಸಿಗುತ್ತಾಳೆ. ಇಬ್ಬರೂ ಪ್ಯಾರಿಸ್ಸಿನಲ್ಲಿ ಮನೆ ಮಾಡುತ್ತಾರೆ. ಕೊನೆಗೆ, ತನ್ನ ಜೊತೆ ಇದ್ದರೆ ಮೇರಿಗೆ ಮರ್ಯಾದೆಯ ಬದುಕು ಇಲ್ಲ ಎಂದುಕೊಂಡ ಸ್ಟೀಫನ್, ಬೇರೆ ಹೆಣ್ಣಿನ ಸಂಬಂಧ ಇದೆಯೆಂದು ಸುಳ್ಳು ನಟಿಸಿ ಅವಳನ್ನು ಮಾರ್ಟಿನ್ ಎಂಬ ಗಂಡಸಿನ ಕಡೆಗೆ ತಳ್ಳುತ್ತಾಳೆ. ಕೊನೆಯ ಸಾಲು ದೇವರಿಗೆ ಇಡುವ ಮೊರೆ: ನಮಗೂ ಇರುವ ಹಕ್ಕು ಕೊಡು.

ಆ ಮೊರೆಯನ್ನು ನೆನಪಿಟ್ಟುಕೊಳ್ಳಿ. ನನ್ನ ಪ್ರಕಾರ ಈ ಪುಸ್ತಕ ಕಾದಂಬರಿಯ ಅಂಗಿ ತೊಟ್ಟ ಅಹವಾಲು. ಓದುಗರ ಮುಂದೆ, ಚರ್ಚಿನ ಮುಂದೆ, ಸರ್ಕಾರದ ಮುಂದೆ ಇಟ್ಟ ಅಹವಾಲು. ಹಾಲ್ ಅದನ್ನು ಮುಚ್ಚಿಡಲೂ ಇಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಕಿರುಕುಳ ಉಂಡ, ಅತಿ ಹೆಚ್ಚು ತಪ್ಪು ತಿಳಿವಳಿಕೆಗೆ ತುತ್ತಾದ ಜನರಿಗಾಗಿ ಲೇಖನಿ ಹಿಡಿಯುತ್ತಿದ್ದೇನೆ ಎಂದು ಪ್ರಕಾಶಕರಿಗೆ ಮೊದಲೇ ಹೇಳಿದ್ದರು. ಒಂದೊಂದು ಕಾಲದ ವಿಮರ್ಶಕರು ಜಗಳವಾಡಿದ್ದು ಈ ಅಹವಾಲಿನ ಜೊತೆಗೇ. ಒಬ್ಬರಿಗೆ ಅಹವಾಲು ಇಟ್ಟದ್ದೇ ತಪ್ಪು. ಇನ್ನೊಬ್ಬರಿಗೆ ಅದರ ಭಾಷೆ ಹಿಡಿಸಲಿಲ್ಲ. ಮತ್ತೊಬ್ಬರು, ನಮ್ಮ ಹೆಸರಿನಲ್ಲಿ ಹೀಗೆ ಅಂಗಲಾಚಲು ಯಾರು ಹೇಳಿದ್ದು ಎಂದರು. ಈಚಿನವರು, ಅಹವಾಲು ಇಟ್ಟವರು ಯಾರು ಎಂದು ನೀವು ಸರಿಯಾಗಿ ನೋಡಲೇ ಇಲ್ಲ ಎಂದರು.

ಈಗ 1928ಕ್ಕೆ ಹೋಗೋಣ. ಹಾಲ್‌ಗೆ ಆಗ ಒಳ್ಳೆಯ ಹೆಸರಿತ್ತು. 1926ರ ‘ಆಡಮ್ಸ್ ಬ್ರೀಡ್’ ಕಾದಂಬರಿಗೆ ಪ್ರಿ ಫೆಮಿನಾ, ಜೇಮ್ಸ್ ಟೇಟ್ ಬ್ಲ್ಯಾಕ್, ಎರಡೂ ಬಹುಮಾನ ಬಂದಿದ್ದವು. ಕತ್ತರಿಸಿದ ಕೂದಲು, ಗಂಡಸರ ದರ್ಜಿ ಹೊಲಿದ ಕೋಟು, ಆಪ್ತರ ನಡುವೆ ‘ಜಾನ್’ ಎಂಬ ಹೆಸರು. ಸಂಗಾತಿ ಊನಾ ಟ್ರೌಬ್ರಿಜ್ ಜೊತೆ ಬದುಕುತ್ತಿದ್ದದ್ದು ಗುಟ್ಟೇನೂ ಆಗಿರಲಿಲ್ಲ. ಜೊತೆಗೆ ಹಾಲ್ ಶ್ರದ್ಧೆಯ ಕ್ಯಾಥೊಲಿಕ್. ಮೂರು ಪ್ರಕಾಶಕರು ಹಸ್ತಪ್ರತಿ ವಾಪಸ್ ಕಳಿಸಿದ ಮೇಲೆ ಜೊನಾಥನ್ ಕೇಪ್ ಒಪ್ಪಿಕೊಂಡರು. ಜುಲೈ 27ರಂದು ಪುಸ್ತಕ ಹೊರಬಂತು. ಸಾಮಾನ್ಯ ಕಾದಂಬರಿಗೆ ಏಳೂವರೆ ಶಿಲಿಂಗ್ ಇದ್ದಾಗ ಇದಕ್ಕೆ ಹದಿನೈದು. ಕಪ್ಪು ರಟ್ಟು. ಪುಸ್ತಕದ ಮೊದಲಲ್ಲಿ ಲೈಂಗಿಕ ವಿಜ್ಞಾನಿ ಹ್ಯಾವ್‌ಲಾಕ್ ಎಲ್ಲಿಸ್ ಅವರ ಚಿಕ್ಕ ಟಿಪ್ಪಣಿ. ಇದು ಗಂಭೀರ ಪುಸ್ತಕ, ಚಪಲಕ್ಕೆ ಕೊಳ್ಳುವವರಿಗಲ್ಲ ಎಂದು ತೋರಿಸಲು ಕೇಪ್ ಇಷ್ಟೆಲ್ಲ ಮಾಡಿದ್ದರು.

ಮೊದಲ ಮೂರು ವಾರದ ವಿಮರ್ಶೆಗಳನ್ನು ನಿಮ್ಮ ಸೆಮಿನಾರಿನಲ್ಲಿ ತಪ್ಪದೇ ಹೇಳಿ. ಜಾಸ್ತಿ ಜನ ಇವನ್ನು ಬಿಟ್ಟು ನೇರ ಕೋರ್ಟಿಗೆ ಜಿಗಿಯುತ್ತಾರೆ. ಆ ಮೂರು ವಾರ ಒಬ್ಬ ವಿಮರ್ಶಕರೂ ಪುಸ್ತಕ ನಿಷೇಧಿಸಿ ಅನ್ನಲಿಲ್ಲ. ಕೆಲವರು ಪ್ರಾಮಾಣಿಕತೆ ಮೆಚ್ಚಿದರು. ಕೆಲವರು ಉಪದೇಶ ಜಾಸ್ತಿಯಾಯಿತು ಅಂದರು. ವರ್ಜೀನಿಯಾ ಅವರ ಪತಿ ಲಿಯೊನಾರ್ಡ್ ವುಲ್ಫ್‌ಗೆ ಕಟ್ಟಡವೇ ಸಡಿಲ ಅನ್ನಿಸಿತು. ಲೇಖಕಿ ವೆರಾ ಬ್ರಿಟನ್ ‘ಟೈಮ್ ಅಂಡ್ ಟೈಡ್’ ಪತ್ರಿಕೆಯಲ್ಲಿ ಸಹಾನುಭೂತಿಯಿಂದಲೇ ಬರೆದರು, ಆದರೆ ಒಂದು ತಕರಾರು ಎತ್ತಿದರು: ಹೆಣ್ಣುಮಕ್ಕಳು ಹೀಗೇ, ಗಂಡುಮಕ್ಕಳು ಹೀಗೇ ಎಂಬ ಗೆರೆಯನ್ನು ಹಾಲ್ ವಿಪರೀತ ದಪ್ಪವಾಗಿ ಎಳೆದಿದ್ದಾರೆ. ಮರ ಹತ್ತುವ ಹುಡುಗಿಯರೆಲ್ಲ ‘ಬೇರೆ’ ಜಾತಿಯವರಾ? ಸ್ತ್ರೀವಾದಿಗಳು ಐವತ್ತು ವರ್ಷ ಬಿಟ್ಟು ದೊಡ್ಡ ದನಿಯಲ್ಲಿ ಕೇಳಿದ ಪ್ರಶ್ನೆ ಇದು. ಪುಸ್ತಕ ಬಂದ ಎರಡೇ ವಾರದಲ್ಲಿ ಒಬ್ಬ ಹೆಣ್ಣುಮಗಳು ಸದ್ದಿಲ್ಲದೆ ಕೇಳಿಯಾಗಿತ್ತು.

ಆಗಸ್ಟ್ 19, ಭಾನುವಾರ. ‘ಸಂಡೇ ಎಕ್ಸ್‌ಪ್ರೆಸ್’ ಸಂಪಾದಕ ಜೇಮ್ಸ್ ಡಗ್ಲಸ್ ಈ ಪುಸ್ತಕವನ್ನು ಹತ್ತಿಕ್ಕಲೇಬೇಕು ಎಂದು ಬರೆದರು. ಆರೋಗ್ಯವಂತ ಹುಡುಗ ಹುಡುಗಿಯರ ಕೈಗೆ ಈ ಕಾದಂಬರಿ ಕೊಡುವುದಕ್ಕಿಂತ ಪ್ರಸಿಕ್ ಆಸಿಡ್ ಸೀಸೆಯನ್ನೇ ಕೊಟ್ಟೇನು ಅನ್ನುವುದು ಅವರ ಪ್ರಸಿದ್ಧ ಮಾತು. ಸಯನೈಡ್ ಜಾತಿಯ ವಿಷ ಅದು. ವಿಷ ದೇಹ ಕೊಲ್ಲುತ್ತದೆ, ಇದು ಆತ್ಮ ಕೊಲ್ಲುತ್ತದೆ ಎನ್ನುವುದು ವಾದ. ಎಲ್ಲ ಪತ್ರಿಕೆಗಳೂ ಹೀಗೇ ಕೂಗಿದವು ಎಂದುಕೊಳ್ಳಬೇಡಿ. ‘ಡೈಲಿ ಹೆರಾಲ್ಡ್’ ಡಗ್ಲಸ್‌ಗೆ ವಿರುದ್ಧ ನಿಂತಿತು. ಆದರೆ ಕೇಪ್ ಒಂದು ಎಡವಟ್ಟು ಮಾಡಿಕೊಂಡರು. ಹೆದರಿದರೋ, ಧೈರ್ಯ ತೋರಿಸಲು ಹೋದರೋ, ಪುಸ್ತಕದ ಪ್ರತಿಯನ್ನು ತಾವಾಗಿಯೇ ಗೃಹಮಂತ್ರಿ ವಿಲಿಯಂ ಜಾಯ್ನ್‌ಸನ್ ಹಿಕ್ಸ್‌ಗೆ ಕಳಿಸಿ, ಬೇಡ ಅಂದರೆ ವಾಪಸ್ ತೆಗೆದುಕೊಳ್ಳುತ್ತೇನೆ ಎಂದರು. ಕುಡಿತ, ನೈಟ್‌ಕ್ಲಬ್, ಜೂಜುಗಳ ಮೇಲೆ ಸದಾ ಕಣ್ಣಿಟ್ಟಿದ್ದ ಆ ಮಂತ್ರಿ ಎರಡೇ ದಿನದಲ್ಲಿ ‘ಬೇಡ’ ಅಂದರು. ಕೇಪ್ ಮುದ್ರಣ ನಿಲ್ಲಿಸಿದರು. ಆದರೆ ಒಳಗೊಳಗೇ ಅಚ್ಚಿನ ಪಡಿಯಚ್ಚುಗಳನ್ನು ಪ್ಯಾರಿಸ್ಸಿನ ಪೆಗಾಸಸ್ ಪ್ರೆಸ್ಸಿಗೆ ಸಾಗಿಸಿ, ಅಲ್ಲಿ ಮುದ್ರಣ ಮಾಡಿಸಿದರು. ಆ ಪ್ರತಿಗಳು ಇಂಗ್ಲೆಂಡಿಗೆ ವಾಪಸ್ ಬಂದಾಗ ಡೋವರ್ ಬಂದರಿನಲ್ಲಿ ಸಿಕ್ಕಿಬಿದ್ದವು. ತಮಾಷೆ ಏನೆಂದರೆ ಕಸ್ಟಮ್ಸ್ ಮುಖ್ಯಸ್ಥರು ಓದಿ, ಇದರಲ್ಲಿ ತಪ್ಪೇನಿಲ್ಲ ಎಂದು ಬಿಟ್ಟುಕೊಟ್ಟರು. ಆಮೇಲೆ ಪೊಲೀಸರು ಹಿಡಿದರು.

ನವೆಂಬರ್ 9, ಬೋ ಸ್ಟ್ರೀಟ್ ಮ್ಯಾಜಿಸ್ಟ್ರೇಟ್ ಕೋರ್ಟು. ನ್ಯಾಯಪೀಠದಲ್ಲಿ ಕೂತವರು ಸರ್ ಚಾರ್ಟ್ರೆಸ್ ಬೈರನ್. ಸಾಕ್ಷಿ ಹೇಳಲು ಲೇಖಕರು, ವೈದ್ಯರು, ಪಾದ್ರಿಗಳು ಹೀಗೆ ಸುಮಾರು 40 ಜನ ಬಂದಿದ್ದರು. ಬೈರನ್ ಒಬ್ಬರ ಮಾತನ್ನೂ ಕೇಳಲಿಲ್ಲ. ಅಶ್ಲೀಲ ಹೌದೋ ಅಲ್ಲವೋ ತೀರ್ಮಾನಿಸುವುದು ಕೋರ್ಟಿನ ಕೆಲಸ, ಸಾಹಿತಿಗಳದ್ದಲ್ಲ ಎಂದುಬಿಟ್ಟರು. ಆರೋಪ ಇದ್ದದ್ದು ಪ್ರಕಾಶಕರ ಮತ್ತು ಹಂಚಿಕೆದಾರರ ಮೇಲೆ. ಹಾಗಾಗಿ ಲೇಖಕಿಗೆ ಬಾಯಿ ತೆರೆಯುವ ಹಕ್ಕೂ ಇರಲಿಲ್ಲ. ಒಮ್ಮೆ ತಡೆಯಲಾರದೆ ಎದ್ದು ಪ್ರತಿಭಟಿಸಿದಾಗ ಸುಮ್ಮನಿರಿ ಅನ್ನಿಸಿಕೊಂಡರು. ತಮ್ಮ ಕಡೆಯ ವಕೀಲ ನಾರ್ಮನ್ ಬರ್ಕೆಟ್ ಜೊತೆಗೂ ಹಾಲ್‌ಗೆ ಎತ್ತು ಏರಿಗೆ, ಕೋಣ ನೀರಿಗೆ. ಬೆಳಗ್ಗೆ ಬರ್ಕೆಟ್, ಈ ಹೆಂಗಸರ ನಡುವೆ ಇರುವುದು ದೈಹಿಕ ಸಂಬಂಧವೇ ಅಲ್ಲ ಎಂದು ವಾದಿಸಿದರು. ಕೇಸು ಗೆಲ್ಲಲು ಅದೇ ಸುಲಭದ ದಾರಿ. ಹಾಲ್ ಕೆಂಡವಾದರು. ಊಟದ ಬಿಡುವಿನಲ್ಲಿ ಹಟ ಹಿಡಿದು ಆ ಮಾತನ್ನು ವಾಪಸ್ ತೆಗೆಸಿದರು. ಸೋತರೂ ಸರಿ, ಸುಳ್ಳು ಬೇಡ! ಈ ಕಾದಂಬರಿ ನಾಚಿಕೆಯ ಕಾದಂಬರಿ ಎಂದು ಯಾರಾದರೂ ಹೇಳಿದರೆ ನಾನು ಈ ಊಟದ ಬಿಡುವನ್ನು ನೆನಪಿಸುತ್ತೇನೆ.

ಅಂದಹಾಗೆ ಪುಸ್ತಕದಲ್ಲಿ ಅಶ್ಲೀಲ ಎಷ್ಟಿದೆ ಗೊತ್ತಾ? ಒಂದು ಮುತ್ತು, ಮತ್ತು ಆ ರಾತ್ರಿ ಅವರಿಬ್ಬರೂ ಬೇರೆಯಾಗಲಿಲ್ಲ ಎಂಬರ್ಥದ ಒಂದು ಸಾಲು. ಇಷ್ಟೇ. ಹಾಗಾದರೆ ಶಿಕ್ಷೆ ಯಾಕೆ? ಬೈರನ್ ತೀರ್ಪನ್ನು ಓದಿದರೆ ಉತ್ತರ ಸಿಗುತ್ತದೆ. ವಿಷಯವೇ ನಿಷಿದ್ಧ ಎಂದು ಅವರು ಹೇಳಲಿಲ್ಲ. ಇಂಥ ಸಂಬಂಧ ಮನುಷ್ಯರನ್ನು ಹೇಗೆ ಹಾಳು ಮಾಡುತ್ತದೆ ಎಂದು ತೋರಿಸುವ ಪುಸ್ತಕವಾಗಿದ್ದರೆ ನಡೆಯುತ್ತಿತ್ತು. ಇವರನ್ನು ಒಪ್ಪಿಕೊಳ್ಳಿ, ಸಹಿಸಿಕೊಳ್ಳಿ ಎಂದು ಬೇಡುವ ಪುಸ್ತಕ ಅಶ್ಲೀಲ. ಚೆನ್ನಾಗಿ ಬರೆದಿದ್ದರಂತೂ ಇನ್ನೂ ಅಪಾಯ, ಹೆಚ್ಚು ಜನ ಓದುತ್ತಾರಲ್ಲ! ನವೆಂಬರ್ 16ರಂದು ಪ್ರತಿಗಳನ್ನು ನಾಶ ಮಾಡಲು ಆದೇಶವಾಯಿತು. ಡಿಸೆಂಬರ್ 14ರಂದು ಮೇಲ್ಮನವಿಯೂ ಬಿದ್ದುಹೋಯಿತು. ಅಂದರೆ ಕಾನೂನಿನ ಕಣ್ಣಿಗೆ ತಪ್ಪಾಗಿ ಕಂಡದ್ದು ಹಾಸಿಗೆಯಲ್ಲ, ಅಹವಾಲು. ಏಳು ವರ್ಷ ಹಿಂದೆ, 1921ರಲ್ಲಿ, ಹೆಂಗಸರ ನಡುವಿನ ಸಂಬಂಧವನ್ನು ಅಪರಾಧ ಮಾಡುವ ಪ್ರಸ್ತಾಪ ಬ್ರಿಟಿಷ್ ಸಂಸತ್ತಿಗೆ ಬಂದಾಗ ಹೌಸ್ ಆಫ್ ಲಾರ್ಡ್ಸ್ ಅದನ್ನು ತಳ್ಳಿಹಾಕಿತ್ತು. ಕಾರಣ ಕರುಣೆಯಲ್ಲ. ಇಂಥದ್ದೊಂದಿದೆ ಎಂದು ಗೊತ್ತೇ ಇಲ್ಲದ ಹೆಂಗಸರಿಗೆ ಕಾನೂನು ಮಾಡಿ ಯಾಕೆ ತಿಳಿಸಬೇಕು ಎನ್ನುವ ಚಿಂತೆ. ಹಾಲ್ ಮಾಡಿದ್ದು ನಿಖರವಾಗಿ ಅದನ್ನೇ. ತಿಳಿಸಿದರು.

ಬೈರನ್ ಬಳಸಿದ ಅಳತೆಗೋಲು 1868ರ ಹಿಕ್ಲಿನ್ ಪರೀಕ್ಷೆ: ಕೆಡಬಹುದಾದ ಮನಸ್ಸುಗಳನ್ನು ಈ ಬರಹ ಕೆಡಿಸಬಲ್ಲದಾ? ಇದು ನಮ್ಮ ಮನೆಯ ವಿಷಯವೂ ಹೌದು. ಆಗಿನ ಭಾರತೀಯ ದಂಡ ಸಂಹಿತೆಯ 292ನೇ ಕಲಮಿನ ಅಶ್ಲೀಲತೆಯನ್ನು ಅಳೆಯಲು ಸುಪ್ರೀಂ ಕೋರ್ಟು 1964ರ ರಂಜಿತ್ ಉದೇಶಿ ಪ್ರಕರಣದಲ್ಲಿ ಇದೇ ಪರೀಕ್ಷೆ ಬಳಸಿತು. ಅದನ್ನು ಕೈಬಿಟ್ಟದ್ದು 2014ರಲ್ಲಿ, ಅವೀಕ್ ಸರ್ಕಾರ್ ಪ್ರಕರಣದಲ್ಲಿ. ಇಂಗ್ಲೆಂಡಿನಲ್ಲಿ 1959ರ ಹೊಸ ಕಾಯ್ದೆ ಸಾಹಿತ್ಯದ ತಜ್ಞರ ಸಾಕ್ಷಿಗೆ ಜಾಗ ಕೊಟ್ಟಿತ್ತು. ಬೋ ಸ್ಟ್ರೀಟಿನಲ್ಲಿ ಬಾಯಿ ಮುಚ್ಚಿಕೊಂಡು ಕೂತ ಆ ನಲವತ್ತು ಜನರಿಗೆ ಅದು ಮೂವತ್ತೊಂದು ವರ್ಷ ತಡವಾಗಿ ಬಂತು.

ಈಗ ಸಾಹಿತಿಗಳ ಕಡೆಗೆ. ಕಾದಂಬರಿಕಾರ ಇ.ಎಂ. ಫಾರ್ಸ್ಟರ್ ಮತ್ತು ವರ್ಜೀನಿಯಾ ವುಲ್ಫ್ ಸೇರಿ ಪತ್ರಿಕೆಗೆ ನಿಷೇಧದ ವಿರುದ್ಧ ಪತ್ರ ಬರೆದರು. ಅದಕ್ಕೂ ಮೊದಲು ಒಂದು ಜಟಾಪಟಿ ನಡೆಯಿತು. ಪತ್ರದಲ್ಲಿ ಇದು ದೊಡ್ಡ ಕಲಾಕೃತಿ ಎಂದು ಬರೆಯಲೇಬೇಕು ಎಂದು ಹಾಲ್ ಹಟ ಹಿಡಿದರು. ಅವರಿಗೆ ಅದು ಆತ್ಮಗೌರವದ ಪ್ರಶ್ನೆ. ವುಲ್ಫ್, ಫಾರ್ಸ್ಟರ್ ಅವರ ಬಳಗವಾದ ಬ್ಲೂಮ್ಸ್‌ಬರಿಯವರಿಗೆ ಗಂಟಲಲ್ಲಿ ಸಿಕ್ಕಿಕೊಂಡ ತುತ್ತು, ಬರೆಯುವ ಹಕ್ಕನ್ನು ಬೆಂಬಲಿಸುತ್ತೇವೆ, ಬರೆದದ್ದು ಚೆನ್ನಾಗಿದೆ ಎಂದು ಹೇಗೆ ಹೇಳುವುದು? ಅದೇ ವರ್ಷದ ಅಕ್ಟೋಬರಿನಲ್ಲಿ ವುಲ್ಫ್ ಅವರ ‘ಒರ್ಲ್ಯಾಂಡೊ’ ಬಂತು. ಅದರ ನಾಯಕ ಕಥೆಯ ನಡುವೆ ಹೆಣ್ಣಾಗುತ್ತಾನೆ, ಇಡೀ ಪುಸ್ತಕ ಇನ್ನೊಬ್ಬ ಹೆಣ್ಣಿಗೆ ಬರೆದ ಪ್ರೇಮಪತ್ರದಂತಿದೆ. ಯಾವ ಪೊಲೀಸರೂ ಬರಲಿಲ್ಲ. ನಗುತ್ತಾ ಹೇಳಿದರೆ ನಡೆಯುತ್ತದೆ, ಗಂಭೀರವಾಗಿ ಕೇಳಿದರೆ ಕೇಸು. ವುಲ್ಫ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಮರುವರ್ಷ ಬಂದ ‘ಎ ರೂಮ್ ಆಫ್ ಒನ್ಸ್ ಓನ್’ನಲ್ಲಿ, ಒಬ್ಬ ಹೆಣ್ಣು ಇನ್ನೊಬ್ಬಳನ್ನು ಇಷ್ಟಪಟ್ಟಳು ಎಂದು ಹೇಳುವ ಮೊದಲು, ಆ ಕೆಂಪು ಪರದೆಯ ಹಿಂದೆ ಸರ್ ಚಾರ್ಟ್ರೆಸ್ ಬೈರನ್ ಅಡಗಿ ಕೂತಿಲ್ಲ ತಾನೇ ಎಂದು ಕೇಳುತ್ತಾರೆ. ಆ ಹೆಸರು ಯಾರದ್ದೆಂದು ತಿಳಿಯದೆ ಆ ಸಾಲು ಓದಿದವರು ಎಷ್ಟೋ ಜನ. ನಾನೂ ಒಬ್ಬ.

ವುಲ್ಫ್ ಅವರ ತಾತ್ಸಾರ ಬಹಳ ಕಾಲ ಬಾಳಿತು. ಆಧುನಿಕತಾವಾದಿಗಳ ಕಣ್ಣಲ್ಲಿ ಹಾಲ್ ಹಳೇ ಕಾಲದವರು. ಉದ್ದುದ್ದ ವಾಕ್ಯ, ಬೈಬಲಿನ ದನಿ, ಕುದುರೆಗೂ ಮನಸ್ಸಿನ ಮಾತು. ತಮ್ಮ ವಲಯದವರೂ ಬಿಡಲಿಲ್ಲ. ಊನಾಳ ಪ್ರಸಿದ್ಧ ಚಿತ್ರ ಬರೆದ, ತಾವೂ ಹೆಣ್ಣುಗಳನ್ನೇ ಪ್ರೀತಿಸಿದ ಚಿತ್ರಕಾರ್ತಿ ರೊಮೈನ್ ಬ್ರೂಕ್ಸ್ ಇದನ್ನು ಹಾಸ್ಯಾಸ್ಪದ, ಸವಕಲು, ಮೇಲುಮೇಲಿನ ಪುಸ್ತಕ ಎಂದರು. ಕಾದಂಬರಿಕಾರ್ತಿ ಮೇರಿ ರೆನಾಲ್ಟ್ 1938ರಲ್ಲಿ ತಮ್ಮ ಸಂಗಾತಿಯ ಜೊತೆ ಓದಿ ನಕ್ಕದ್ದನ್ನು ಎಷ್ಟೋ ವರ್ಷದ ಮೇಲೆ ನೆನಪಿಸಿಕೊಂಡರು. ಅವರಿಗೆ ಸಹಿಸಲಾಗದ್ದು ಹಾಸ್ಯವೇ ಇಲ್ಲದ ಗಾಂಭೀರ್ಯ, ಮಿತಿ ಮೀರಿದ ಸ್ವಮರುಕ. ನಿಮ್ಮ ಗೆಳತಿಯ ‘ಬರೀ ಗೋಳು’ ಇದೇ ಸಾಲಿನದ್ದು. ಒಳ್ಳೆಯ ಜೊತೆಯಲ್ಲೇ ಇದ್ದಾರೆ.

ವಿಮರ್ಶಕರ ಮಾತು ಬೇರೆ, ಓದುಗರ ಮಾತು ಬೇರೆ. ಅಮೆರಿಕದಲ್ಲಿ ಮೊದಲು ಒಬ್ಬ ಮ್ಯಾಜಿಸ್ಟ್ರೇಟ್ ಅಶ್ಲೀಲ ಎಂದರೂ, 1929ರ ಏಪ್ರಿಲಿನಲ್ಲಿ ನ್ಯೂಯಾರ್ಕಿನ ಮೇಲಿನ ಕೋರ್ಟು ಪುಸ್ತಕವನ್ನು ಬಿಡುಗಡೆ ಮಾಡಿತು. ಮೊದಲ ವರ್ಷವೇ ಅಲ್ಲಿ ಲಕ್ಷಕ್ಕೂ ಮೀರಿ ಪ್ರತಿ ಖರ್ಚಾದವು. ಬೇಡ ಅಂದದ್ದರ ಮೇಲೇ ಕಣ್ಣು ಅಲ್ವಾ. ಹಾಲ್‌ಗೆ ಸಾವಿರಾರು ಪತ್ರ ಬಂದವು. ಬಫಲೋ ನಗರದ ದುಡಿಯುವ ವರ್ಗದ ಲೆಸ್ಬಿಯನ್ನರ 1940, 50ರ ದಶಕದ ನೆನಪುಗಳನ್ನು ಸಂಗ್ರಹಿಸಿದ ಅಧ್ಯಯನವೊಂದರಲ್ಲಿ, ಅವರಲ್ಲಿ ಯಾರಾದರೂ ಓದಿದ್ದ ಅಥವಾ ಕೇಳಿದ್ದ ಲೆಸ್ಬಿಯನ್ ಕೃತಿ ಇದೊಂದೇ. ‘ಬೈಬಲ್’ ಎಂಬ ಮಾತು ಹುಟ್ಟಿದ್ದು ಇಲ್ಲಿ. ಪುಸ್ತಕ ಶ್ರೇಷ್ಠ ಎಂದಲ್ಲ, ಬೇರೆ ಪುಸ್ತಕ ಕೈಗೆ ಸಿಗುತ್ತಿರಲಿಲ್ಲ ಎಂದು. ಊರಿಗೊಂದೇ ಬಾವಿ ಇದ್ದಾಗ ನೀರಿನ ರುಚಿ ಕೇಳುವವರು ಯಾರು? ಇಂಗ್ಲೆಂಡಿನಲ್ಲಿ 1949ರಲ್ಲಿ ಫಾಲ್ಕನ್ ಪ್ರೆಸ್ ಮತ್ತೆ ಮುದ್ರಿಸಿದಾಗ ಯಾರೂ ತಕರಾರು ಎತ್ತಲಿಲ್ಲ. ಹಾಲ್ ತೀರಿಕೊಂಡು ಆಗ ಆರು ವರ್ಷ. 1974ರಲ್ಲಿ ಬಿಬಿಸಿ ರೇಡಿಯೊ ಇದನ್ನು ‘ಬುಕ್ ಅಟ್ ಬೆಡ್‌ಟೈಮ್’ ಕಾರ್ಯಕ್ರಮದಲ್ಲಿ ಓದಿತು. ಮಕ್ಕಳಿಗೆ ವಿಷಕ್ಕಿಂತ ಕಡೆ ಎಂದ ಪುಸ್ತಕ, ದೊಡ್ಡವರು ನಿದ್ದೆ ಹೋಗುವ ಮುಂಚಿನ ಕಥೆಯಾಯಿತು.

ಎಪ್ಪತ್ತರ ದಶಕದಲ್ಲಿ ಗಾಳಿ ತಿರುಗಿತು. ಹೆಣ್ಣುಮಕ್ಕಳ ಚಳವಳಿ, ಸಲಿಂಗಿಗಳ ಚಳವಳಿ ಎರಡೂ ಬೀದಿಗೆ ಬಂದಿದ್ದವು. ಹೆಮ್ಮೆ ಎನ್ನುವುದು ಘೋಷಣೆಯಾಗಿತ್ತು. ಆಗ ದೇವರ ಮುಂದೆ ಮಂಡಿಯೂರಿ, ನಮಗೂ ಇರಲು ಬಿಡು ಎಂದು ಅಳುವ ನಾಯಕಿ ಮುಜುಗರ ತರದೆ ಇರುತ್ತಾಳಾ? ಜೇನ್ ರೂಲ್ 1975ರಲ್ಲಿ, ಲೆಸ್ಬಿಯನ್ ಕಾದಂಬರಿ ಅಂದರೆ ಇಂದಿಗೂ ಇದೇ ಎಂದು ಒಪ್ಪಿಕೊಂಡರು. ಅದನ್ನು ಮೆಚ್ಚಿ ಹೇಳಿದ್ದಲ್ಲ. ಕ್ಯಾಥರೀನ್ ಸ್ಟಿಂಪ್ಸನ್ 1981ರಲ್ಲಿ ಇದನ್ನು ಶಾಪಗ್ರಸ್ತ ಕಥನದ ಮಾದರಿ ಎಂದರು: ಹೆಣ್ಣು ಹೆಣ್ಣನ್ನು ಪ್ರೀತಿಸಿದರೆ ಕೊನೆಗೆ ಸಿಗುವುದು ನೋವೇ ಎನ್ನುವ ಕಥೆ.

ಅದೇ ವರ್ಷ ಬಂದ ಲಿಲಿಯನ್ ಫೇಡರ್ಮನ್ ಅವರ ‘ಸರ್ಪಾಸಿಂಗ್ ದಿ ಲವ್ ಆಫ್ ಮೆನ್’ ಎತ್ತಿದ ಆಕ್ಷೇಪ ಹೆಚ್ಚು ಆಳದ್ದು. ಫೇಡರ್ಮನ್ ವಾದ ಹೀಗೆ. ಹತ್ತೊಂಬತ್ತನೇ ಶತಮಾನದವರೆಗೆ ಹೆಂಗಸರ ನಡುವಿನ ಗಾಢ ಗೆಳೆತನವನ್ನು ಸಮಾಜ ರೋಗ ಅಂದಿರಲಿಲ್ಲ. ಒಟ್ಟಿಗೆ ಬದುಕಿದರು, ಪ್ರೇಮಪತ್ರ ಬರೆದರು, ಯಾರೂ ಹುಬ್ಬೇರಿಸಲಿಲ್ಲ. ಆಮೇಲೆ ಕ್ರಾಫ್ಟ್ ಎಬಿಂಗ್, ಎಲ್ಲಿಸ್ ಮುಂತಾದ ವೈದ್ಯರು ಬಂದು ‘ಇನ್ವರ್ಟ್’ ಎಂಬ ಹಣೆಪಟ್ಟಿ ಕಟ್ಟಿದರು. ಅಂದರೆ ಹುಟ್ಟಿನಿಂದಲೇ ತಿರುಗುಮುರುಗಾದವರು, ಹೆಣ್ಣಿನ ದೇಹದಲ್ಲಿ ಗಂಡಿನ ಮನಸ್ಸು ಸಿಕ್ಕಿಹಾಕಿಕೊಂಡವರು. ಹಾಲ್ ಆ ಹಣೆಪಟ್ಟಿಯನ್ನು ವೈದ್ಯರ ಪುಸ್ತಕದಿಂದ ಬಿಡಿಸಿ ಮನೆಮನೆಯ ಕಪಾಟಿಗೆ ತಲುಪಿಸಿದರು. ಎಷ್ಟೋ ಹುಡುಗಿಯರು ಇದನ್ನು ಓದಿ, ಓಹೋ ನಾನು ಹೀಗಿದ್ದೇನೆ, ಹಾಗಾದರೆ ನನ್ನ ಪಾಡು ಇಷ್ಟೇ ಎಂದುಕೊಂಡರು.

ಇದಕ್ಕೆ ಸಿಕ್ಕ ಅತ್ಯುತ್ತಮ ಉತ್ತರ ಎಸ್ತರ್ ನ್ಯೂಟನ್ ಎಂಬ ಮಾನವಶಾಸ್ತ್ರಜ್ಞೆಯ 1984ರ ಲೇಖನ. ಸೆಮಿನಾರಿಗೆ ಒಂದೇ ಒಂದು ಲೇಖನ ಓದುವಷ್ಟು ಸಮಯ ಇದ್ದರೆ ಇದನ್ನೇ ಓದಿ. ನ್ಯೂಟನ್ ಕೇಳಿದ್ದು ಸರಳ ಪ್ರಶ್ನೆ: ಹಾಲ್ ಯಾಕೆ ಗಂಡುಬೀರಿ ನಾಯಕಿಯನ್ನೇ ಆರಿಸಿಕೊಂಡರು? ಹಿಂದಿನ ತಲೆಮಾರಿನ ‘ಗೆಳತಿಯರನ್ನು’ ಸಮಾಜ ಸಹಿಸಿತ್ತು ಅನ್ನುವುದೇನೋ ನಿಜ. ಸಹಿಸಿದ್ದು ಯಾಕೆ? ಹೆಣ್ಣಿಗೆ ಕಾಮವೇ ಇಲ್ಲ ಎಂದು ಅದು ನಂಬಿತ್ತು. ಅಂಥ ಕಾಲದಲ್ಲಿ ಒಬ್ಬ ಹೆಣ್ಣು, ನನಗೂ ದೇಹದ ಆಸೆ ಇದೆ ಎಂದು ಹೇಳಬೇಕಾದರೆ ಕೈಗೆ ಸಿಗುತ್ತಿದ್ದ ಭಾಷೆ ಒಂದೇ, ಗಂಡಿನದ್ದು. ಕೋಟು, ಟೈ, ಗಂಡಸರಂತೆ ಎರಡೂ ಬದಿಗೆ ಕಾಲು ಹಾಕಿ ಮಾಡುವ ಕುದುರೆ ಸವಾರಿ ಎಲ್ಲ ಆ ಹೇಳಿಕೆಯ ಅಕ್ಷರಗಳು. ವೈದ್ಯರ ಹಣೆಪಟ್ಟಿಯನ್ನು ಹಾಲ್ ಮೋಸಹೋಗಿ ಕಟ್ಟಿಕೊಳ್ಳಲಿಲ್ಲ, ಬೇಕೆಂದೇ ಎತ್ತಿಕೊಂಡರು. ನನಗೆ ನ್ಯೂಟನ್ ಮಾತು ಫೇಡರ್ಮನ್ ಮಾತಿಗಿಂತ ಹೆಚ್ಚು ಸರಿ ಅನ್ನಿಸುತ್ತದೆ. ಆದರೂ ಪುಸ್ತಕ ಓದಿ ಕುಗ್ಗಿಹೋದ ಹುಡುಗಿಯರ ನೋವನ್ನು ಅದು ಅಳಿಸುವುದಿಲ್ಲ.

ನೀವು ಹೇಳಿದ ‘ಟ್ರಾನ್ಸ್ ಪುರುಷ’ ಎಂಬ ಓದು ಬಂದದ್ದು ತೊಂಬತ್ತರ ದಶಕದಲ್ಲಿ. ಕಾದಂಬರಿಯಲ್ಲಿ ಒಂದು ಕನ್ನಡಿಯ ದೃಶ್ಯವಿದೆ. ಸ್ಟೀಫನ್ ಕನ್ನಡಿ ಮುಂದೆ ನಿಂತು ತನ್ನ ದೇಹವನ್ನು ನೋಡಿ ಹೇಸುತ್ತಾಳೆ, ಮರುಗುತ್ತಾಳೆ. ಲೆಸ್ಬಿಯನ್ ವಿಮರ್ಶೆಗೆ ಈ ದೃಶ್ಯ ಸದಾ ತಲೆನೋವು. ಹೆಣ್ಣಿನ ದೇಹವನ್ನು ಪ್ರೀತಿಸುವವಳು ತನ್ನ ಹೆಣ್ಣುದೇಹವನ್ನೇ ಯಾಕೆ ದ್ವೇಷಿಸಬೇಕು? ಜೇ ಪ್ರಾಸರ್ 1998ರಲ್ಲಿ, ಇದರಲ್ಲಿ ಗೊಂದಲ ಏನೂ ಇಲ್ಲ, ನೀವು ತಪ್ಪು ಹೆಸರಿನಿಂದ ಓದುತ್ತಿದ್ದೀರಿ ಎಂದರು. ಇದು ಟ್ರಾನ್ಸ್‌ಸೆಕ್ಷುಯಲ್ ಅನುಭವದ ಕಥೆ. ‘ಇನ್ವರ್ಟ್’ ಎಂದರೆ ಇವತ್ತಿನ ಲೆಸ್ಬಿಯನ್ ಎಂದು ಅನುವಾದ ಮಾಡಿಕೊಂಡದ್ದೇ ತಪ್ಪು. ಅದೇ ವರ್ಷ ಜ್ಯಾಕ್ ಹಾಲ್ಬರ್‌ಸ್ಟಾಮ್ ನಡುವಿನ ದಾರಿ ಹಿಡಿದರು. ಹೆಣ್ಣಿನ ಗಂಡಸುತನ ಎಂಬುದೇ ಒಂದು ಸ್ವತಂತ್ರ ಬದುಕಿನ ರೀತಿ, ಅದನ್ನು ಲೆಸ್ಬಿಯನ್ನಿಗೂ ಟ್ರಾನ್ಸಿಗೂ ಪೂರ್ತಿ ಕರಗಿಸಬೇಡಿ ಎಂದು ಅವರ ವಾದ.

ಯಾರು ಸರಿ? ಒಂದು ಪ್ರಯೋಗ ಮಾಡಿ ನೋಡಿ. ಕಥೆಯನ್ನು ಕನ್ನಡದಲ್ಲಿ ಹೇಳಲು ಕೂತುಕೊಳ್ಳಿ. ಇಂಗ್ಲಿಷಿನಲ್ಲಿ ಹಾಲ್ ಒಂದು ಸರ್ವನಾಮ ಬಳಸಿ ಪಾರಾಗುತ್ತಾರೆ. ನಮ್ಮಲ್ಲಿ ಬೇರೊಬ್ಬರ ಬಗ್ಗೆ ಹೇಳುವಾಗ ಹೆಚ್ಚಿನ ಕ್ರಿಯಾಪದಗಳ ಬಾಲದಲ್ಲೂ ಲಿಂಗ ಇದೆ. ಸ್ಟೀಫನ್ ಬಂದಳಾ, ಬಂದನಾ? ಮೇಲೆ ನಾನು ‘ಬೆಳೆಯುತ್ತಾಳೆ’, ‘ಓಡಿಸುತ್ತಾಳೆ’ ಎಂದೆ. ಹಾಲ್ ಕೊನೆತನಕ ಸ್ಟೀಫನ್‌ನನ್ನು ಹೆಣ್ಣಿನ ಸರ್ವನಾಮದಲ್ಲೇ ಕರೆಯುತ್ತಾರೆ ಎಂಬ ಕಾರಣಕ್ಕೆ. ಆದರೆ ಬರೆಯುವಾಗ ಕೈ ಒಂದು ಕ್ಷಣ ನಿಂತಿತು. ‘ಬಂದರು’ ಎಂದು ಬಹುವಚನ ಹಾಕಿ ತಪ್ಪಿಸಿಕೊಳ್ಳಬಹುದು, ಆಗ ಏಳು ವರ್ಷದ ಮಗುವಿಗೂ ಗೌರವ ಕೊಟ್ಟಂತೆ ಕೇಳುತ್ತದೆ. ಆದರೆ ಸ್ಟೀಫನ್ ತಾನೇ ಮಾತಾಡಿದರೆ? ‘ನಾನು ಬಂದೆ’, ‘ನಾನು ಪ್ರೀತಿಸುತ್ತೇನೆ’. ಅಲ್ಲಿ ಲಿಂಗವೇ ಇಲ್ಲ. ಬೇರೆಯವರು ಸ್ಟೀಫನ್ ಬಗ್ಗೆ ಮಾತಾಡಿದಾಗ ಮಾತ್ರ ಗಂಡೋ ಹೆಣ್ಣೋ ತೀರ್ಮಾನ ಮಾಡಬೇಕು. ವಿಮರ್ಶಕರ ಪಾಡೂ ಇದೇ. ಹಾಲ್ ಬಳಸಿದ್ದು ತಮ್ಮ ಕಾಲದಲ್ಲಿ ಸಿಕ್ಕ ‘ಇನ್ವರ್ಟ್’ ಎಂಬ ಪದವನ್ನು. ಅದರೊಳಗೆ ಇವತ್ತಿನ ಎರಡು ಮೂರು ಪದಗಳು ಒಟ್ಟಿಗೆ ಕೂತಿದ್ದವು. ಪ್ರಾಸರ್ ಓದು ತಪ್ಪಲ್ಲ, ನಿಮ್ಮ ಗೆಳತಿಯ ಓದೂ ತಪ್ಪಲ್ಲ. ಆದರೆ ಸ್ಟೀಫನ್ ‘ನಿಜವಾಗಿ’ ಇಂಥವರೇ ಎಂದು ಸೆಮಿನಾರಿನಲ್ಲಿ ಮುದ್ರೆ ಒತ್ತಲು ಹೋಗಬೇಡಿ.

2001ರಲ್ಲಿ ಲಾರಾ ಡೋನ್ ಮತ್ತು ಪ್ರಾಸರ್ ಸೇರಿ ಈ ಕಾದಂಬರಿಯ ಮೇಲಿನ ಹಳೆಯ ಹೊಸ ಬರಹಗಳ ಸಂಪುಟ ತಂದರು. ಹೆಸರು ‘ಪ್ಯಾಲಟಬಲ್ ಪಾಯ್ಸನ್’, ರುಚಿಕಟ್ಟಾದ ವಿಷ ಅನ್ನಬಹುದು. ನಿಮ್ಮ ಲೈಬ್ರರಿಯಲ್ಲಿ ಇದ್ದರೆ ಅರ್ಧ ಕೆಲಸ ಮುಗಿದಂತೆ. ಡೋನ್ ತಮ್ಮ ಇನ್ನೊಂದು ಪುಸ್ತಕದಲ್ಲಿ ಕುತೂಹಲದ ಸಂಗತಿ ತೋರಿಸಿದ್ದಾರೆ. ಇಪ್ಪತ್ತರ ದಶಕದಲ್ಲಿ ಕತ್ತರಿಸಿದ ಕೂದಲು, ಟೈ, ಒಂಟಿಗಣ್ಣಿನ ಕನ್ನಡಕ ಎಲ್ಲ ಲಂಡನ್ನಿನ ಫ್ಯಾಷನ್. ನೋಡಿದವರು ‘ಲೆಸ್ಬಿಯನ್’ ಅಂದುಕೊಳ್ಳುತ್ತಿರಲಿಲ್ಲ, ‘ಮಾಡರ್ನ್’ ಅಂದುಕೊಳ್ಳುತ್ತಿದ್ದರು. ಆ ಉಡುಪಿಗೆ ಆ ಅರ್ಥ ಅಂಟಿದ್ದೇ ಈ ಕೇಸಿನಿಂದ, ಪತ್ರಿಕೆಯಲ್ಲಿ ಬಂದ ಹಾಲ್ ಫೋಟೊಗಳಿಂದ.

ಅದೇ ಸಂಪುಟದ ಸುತ್ತಮುತ್ತ ಬೇರೆ ತಕರಾರುಗಳೂ ಬಂದವು, ನ್ಯಾಯವಾದ ತಕರಾರುಗಳು. ಹಾಲ್ ಬೇಡುವ ಜಾಗ ಯಾರ ಪಕ್ಕದಲ್ಲಿ? ಜಮೀನುದಾರರ, ಚರ್ಚಿನ, ಇಂಗ್ಲೆಂಡಿನ ದೊಡ್ಡಮನೆಗಳ ಪಕ್ಕದಲ್ಲಿ. ಪ್ಯಾರಿಸ್ಸಿನ ಬಾರುಗಳಲ್ಲಿ ಕಾಣುವ ಬಡ, ಕುಡುಕ ಸಲಿಂಗಿಗಳನ್ನು ಸ್ಟೀಫನ್ ನೋಡುವುದು ಮರುಕ ಬೆರೆತ ಅಸಹ್ಯದಿಂದ. ಇಬ್ಬರು ಕಪ್ಪು ಗಾಯಕರು ಬರುವ ದೃಶ್ಯವಿದೆ, ಅವರ ಹಾಡಿನ ನೋವನ್ನು ತನ್ನದಾಗಿಸಿಕೊಳ್ಳುವ ಕಾದಂಬರಿ ಅವರನ್ನು ಮನುಷ್ಯರಾಗಿ ಸರಿಯಾಗಿ ನೋಡುವುದಿಲ್ಲ. ಮುಂದೆ ಮೂವತ್ತರ ದಶಕದಲ್ಲಿ ಹಾಲ್ ಅವರ ರಾಜಕೀಯ ಫ್ಯಾಸಿಸ್ಟರ ಕಡೆ ವಾಲಿತ್ತು ಎನ್ನುವುದನ್ನೂ ಜೀವನಚರಿತ್ರೆಕಾರರು ಮುಚ್ಚಿಟ್ಟಿಲ್ಲ. ತಾನು ತುಳಿತ ಉಂಡವರು ಬೇರೆಯವರ ತುಳಿತ ಕಾಣಲೇಬೇಕು ಎಂದೇನಿಲ್ಲವಲ್ಲ.

ನನ್ನ ಸ್ವಂತ ತಕರಾರು ಮೇರಿಯ ವಿಷಯದಲ್ಲಿ. ಕ್ಲೇರ್ ಹೆಮ್ಮಿಂಗ್ಸ್ ಆ ಸಂಪುಟದಲ್ಲಿ ಮೇರಿಯ ಕಡೆಯಿಂದ ಕಥೆಯನ್ನು ಓದುವವರೆಗೆ ಹೆಚ್ಚು ಜನ ಅವಳನ್ನು ಗಮನಿಸಿರಲಿಲ್ಲ. ಎಲ್ಲರ ಕಣ್ಣೂ ಸ್ಟೀಫನ್ ಕೋಟಿನ ಮೇಲೆ. ಸೀರೆ ಉಟ್ಟವಳು ‘ನಿಜವಾದ’ವಳಲ್ಲ, ಕೋಟು ಹಾಕಿದವಳೇ ನಿಜ ಎಂಬಂಥ ಹಳೇ ವೈದ್ಯರ ನಂಬಿಕೆ ವಿಮರ್ಶೆಗೂ ಅಂಟಿತ್ತು. ಕೊನೆಯ ಅಧ್ಯಾಯಗಳನ್ನು ನೋಡಿ. ಮೇರಿಗೆ ಯಾವುದು ಒಳ್ಳೆಯದು ಎಂದು ಸ್ಟೀಫನ್ ತೀರ್ಮಾನಿಸುತ್ತಾಳೆ, ಮಾರ್ಟಿನ್ ತೀರ್ಮಾನಿಸುತ್ತಾನೆ. ಮೇರಿಯನ್ನು ಒಂದು ಮಾತು ಕೇಳುವವರಿಲ್ಲ. ತ್ಯಾಗ ಎಂದು ಕಾದಂಬರಿ ಕರೆಯುವುದನ್ನು ನಾನು ಯಜಮಾನಿಕೆ ಎಂದೇ ಕರೆಯುತ್ತೇನೆ. ಮಗಳಿಗೆ ಹೇಳದೆ ಸಂಬಂಧ ಗೊತ್ತು ಮಾಡುವ ಅಪ್ಪಂದಿರು ಮಾಡುವುದೂ ಇದನ್ನೇ.

ಈಚಿನ ವಿಮರ್ಶೆಯಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಹೆದರ್ ಲವ್ ಅವರ 2007ರ ‘ಫೀಲಿಂಗ್ ಬ್ಯಾಕ್‌ವರ್ಡ್’. ಚಳವಳಿಗಳು ಹೆಮ್ಮೆಯ ಕಥೆ ಹೇಳುವ ಆತುರದಲ್ಲಿ ಹಿಂದಿನವರ ನಾಚಿಕೆ, ಒಂಟಿತನ, ಸೋಲುಗಳನ್ನು ಬಚ್ಚಲಿಗೆ ಸುರಿದುಬಿಡುತ್ತವೆ. ಆ ನೋವು ಸುಳ್ಳಾಗಿರಲಿಲ್ಲ, ಮುಗಿದೂ ಇಲ್ಲ. ಈ ಪುಸ್ತಕ ನಮ್ಮನ್ನು ಕಸಿವಿಸಿಗೊಳಿಸುತ್ತದೆ ಎಂದರೆ ಅದರ ಕೆಲಸವೇ ಅದು, ಆ ಕಸಿವಿಸಿಯನ್ನು ಗುಣಪಡಿಸಲು ಹೊರಡಬೇಡಿ ಎಂಬುದು ಅವರ ನಿಲುವು. ಇದು ಬಂದ ಮೇಲೆ ಎಪ್ಪತ್ತರ ದಶಕದ ಸಿಟ್ಟನ್ನೂ ಬೇರೆ ಬೆಳಕಿನಲ್ಲಿ ಓದಬಹುದು. ಅವರಿಗೆ ಆಗ ಆ ಅಳು ಕೇಳಿಸಿಕೊಳ್ಳುವಷ್ಟು ನೆಮ್ಮದಿ ಇರಲಿಲ್ಲ.

ಹಾಗಾಗಿ ಸೆಮಿನಾರಿಗೆ ನನ್ನ ಸಲಹೆ: ‘ಮೊದಲು ಬೈದರು, ಆಮೇಲೆ ಹೊಗಳಿದರು’ ಎಂಬ ನೇರ ಗೆರೆ ಎಳೆಯಬೇಡಿ. ವೆರಾ ಬ್ರಿಟನ್ ಮಾತು ಫೇಡರ್ಮನ್‌ನಲ್ಲಿ ಮತ್ತೆ ಕೇಳುತ್ತದೆ, ವುಲ್ಫ್ ಮಾತು ನಿಮ್ಮ ಗೆಳತಿಯಲ್ಲಿ. ಹಾಲ್ 1943ರಲ್ಲಿ ತೀರಿಕೊಂಡಿದ್ದರಿಂದ ನಮ್ಮಲ್ಲಿ ಪುಸ್ತಕದ ಹಕ್ಕುಸ್ವಾಮ್ಯ ಯಾವಾಗಲೋ ಮುಗಿದಿದೆ, ದುಡ್ಡು ಕೊಡದೆಯೂ ಓದಬಹುದು. ಉಪದೇಶದ ಪುಟಗಳಲ್ಲಿ ಸುಮ್ನೆ ವೇಗವಾಗಿ ಹೋಗಿ. ಸ್ಟೀಫನ್ ತನ್ನ ಮುದಿ ಕುದುರೆ ರಾಫ್ಟರಿಯನ್ನು ಮಾರ್ಟನ್‌ಗೆ ಕರೆತಂದು, ನರಳುವುದು ಬೇಡವೆಂದು ತಾನೇ ಗುಂಡು ಹೊಡೆಯುವ ಅಧ್ಯಾಯದಲ್ಲಿ ನಿಧಾನ ಮಾಡಿ. ಹಾಲ್‌ಗೆ ಬರೆಯಲು ಬರುವುದಿಲ್ಲ ಎಂದವರಿಗೆ ನಾನು ಅದನ್ನೇ ತೋರಿಸುವುದು.

ಗೆಳತಿಯನ್ನು ಯಾವ ಪುಟದಲ್ಲಿ ಬಿಟ್ಟಿರಿ ಎಂದು ಕೇಳಿ. ಯುದ್ಧ ಶುರುವಾಗುವ ಮುಂಚೆಯಾದರೆ, ಮೇರಿ ಇನ್ನೂ ಬಂದೇ ಇಲ್ಲ.